ಮರಿ ಟ್ರ್ಯಾಕ್ಟರಿಗೆ ಕಟ್ಟಿದ ದಾರ

ನಮ್ಮ ಹಿತ್ತಲ ಗೇಟಿನ ಕೀಲಿಕೈ ಹನ್ನೊಂದು ವರ್ಷ ಕಾಕೂನ ಸೆರಗಿನ ತುದಿಯ ಗಂಟಿನಲ್ಲಿತ್ತು. ಕಾಕೂ ನಮ್ಮ ಮನೆಯ ಕಸ, ಮುಸುರೆ, ಬಟ್ಟೆ ನೋಡಿಕೊಳ್ಳುವವಳು. ಕಾಕೂ ಎಂದರೆ ಚಿಕ್ಕಮ್ಮ, ಇವಳು ಸಂಬಂಧದಲ್ಲಿ ಏನೂ ಅಲ್ಲ. ಮಗಳು ಮಾತು ಕಲಿಯುವಾಗ ಹಾಗೆ ಕರೆದಳು, ನಾನೂ ಅದನ್ನೇ ಹಿಡಿದೆ. ದಿನಾ ಬೆಳಿಗ್ಗೆ ಕರ್ಜಗಿಯಿಂದ ಹಾವೇರಿಗೆ ಬರುವ ಬಸ್ಸು ಅವಳನ್ನು ನಮ್ಮ ಮನೆಯ ಹಿಂದಿನ ರಸ್ತೆಯಲ್ಲಿ ಇಳಿಸುತ್ತದೆ. ಹಿತ್ತಲ ಗೇಟು ತೆಗೆದರೆ ಹತ್ತು ಹೆಜ್ಜೆ. ಮುಂದಿನ ಬಾಗಿಲಿಗೆ ಬರಬೇಕೆಂದರೆ ಇಡೀ ಓಣಿ ಸುತ್ತಬೇಕು, ಅವಳ ಬಲಗಡೆಯ ಮೊಣಕಾಲು ಅದಕ್ಕೆ ಒಪ್ಪುವುದಿಲ್ಲ. ಕೀಲಿ ಕೊಟ್ಟದ್ದು ಮೊಣಕಾಲಿಗಾಗಿ ಎಂದೇ ನಾನು ತಿಳಿದಿದ್ದೆ. ಅವಳು ಅದನ್ನು ಮೊಣಕಾಲಿಗಾಗಿ ಇಟ್ಟುಕೊಂಡಿರಲಿಲ್ಲ ಎಂಬುದು ಅದನ್ನು ವಾಪಸು ಕೇಳಿದ ದಿನ ತಿಳಿಯಿತು.

ಎಲ್ಲ ಶುರುವಾದದ್ದು ಮಗಳ ಗಾಡಿಯ ಬ್ಯಾಟರಿಯಿಂದ. ನಮ್ಮವರಿಗೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಅಲ್ಲಿಯ ಸ್ನೇಹಿತರೊಬ್ಬರ ಗೋದಾಮಿನಲ್ಲಿ ಮಕ್ಕಳ ಕ್ವಾಡ್ ಬೈಕೊಂದು ಚೀಲಗಳ ಹಿಂದೆ ಧೂಳು ಹಿಡಿದು ನಿಂತಿತ್ತು. ಅವರ ಮಕ್ಕಳು ಅದನ್ನು ಮೀರಿ ಬೆಳೆದಿದ್ದರು. ನಮ್ಮವರು ಅದನ್ನು ಹನ್ನೆರಡು ವರ್ಷದ ನಮ್ಮ ಮಗಳಿಗೆಂದು ತಂದರು. ನಾಲ್ಕು ದಪ್ಪ ಗಾಲಿ, ಮೋಟರ್ ಸೈಕಲ್ಲಿನಂಥ ಹ್ಯಾಂಡಲ್, ಕೆಂಪು ಪ್ಲಾಸ್ಟಿಕ್ಕಿನ ಮೈ. ಒಳಗಿನ ಮೂಲೆಗಳಿಂದ ಮೆಣಸಿನಕಾಯಿ ಘಾಟು ಇನ್ನೂ ಬರುತ್ತಿತ್ತು, ಬಗ್ಗಿ ನೋಡಿದವರೆಲ್ಲ ಸೀನಿದರು. ರಸ್ತೆಗೆ ಇಳಿಸುವಂಥದಲ್ಲ. ಮನೆಯ ಹಿಂದಿನ ನಮ್ಮದೇ ಖಾಲಿ ಜಾಗದಲ್ಲಿ ಬೇವಿನ ಮರ ಸುತ್ತು ಹಾಕಬೇಕು, ಅಷ್ಟೇ. ಅದಕ್ಕೆ ಕಿಕ್ ಇರಲಿಲ್ಲ. ಗುಂಡಿ ಒತ್ತಿದರೆ ಬ್ಯಾಟರಿಯ ಬಲದಿಂದಲೇ ಚಾಲೂ ಆಗಬೇಕು.

ಅತ್ತೆಯವರು ಅದರ ಸುತ್ತ ತಿರುಗಿ ನೋಡಿ, “ಇದೇನೋ, ಮರಿ ಟ್ರ್ಯಾಕ್ಟರ್ ತಂದಿ?” ಎಂದು ಮಗನನ್ನು ಕೇಳಿದರು. ಹೆಸರು ನಿಂತುಬಿಟ್ಟಿತು.

ದಸರೆಯ ಖಂಡೇಪೂಜೆಗೆ ಅದನ್ನು ಮತ್ತೆ ಬ್ಯಾಡಗಿಗೆ ಒಯ್ದು, ಅಂಗಡಿಯ ಮುಂದೆ ತೂಕದ ಕಾಟಾ, ಲಾರಿ, ಟ್ರ್ಯಾಕ್ಟರುಗಳ ಸಾಲಿನಲ್ಲೇ ನಿಲ್ಲಿಸಿ ಪೂಜೆ ಮಾಡಿದರು. ನಾನು ಒಳಗೆ ಊಟಕ್ಕೆ ಎಲೆ ಹಾಕುತ್ತಿದ್ದೆ. ಹೊರಗೆ ಬಂದಾಗ ಗಾಡಿಯ ಮೂತಿಯ ಮೇಲೆ ಮನೆದೇವರ ಪುಟ್ಟ ಫೋಟೊ ಕೂತಿತ್ತು. ಅದರ ಸುತ್ತ ನೀಲಿ ಕೆಂಪು ದೀಪಗಳು ಮಿಣುಕುತ್ತಿದ್ದವು. ಪಕ್ಕದ ಟ್ರ್ಯಾಕ್ಟರಿನ ಮೇಲೂ ಅಂಥದೇ ಇತ್ತು. ಚೆಂದ ಕಂಡಿತು. ಆ ರಜೆಯಲ್ಲೇ ಒಂದು ದಿನ ಮಗಳು ಬೇವಿನ ಮರಕ್ಕೆ ಗುದ್ದಿದಳು. ಅವಳಿಗೆ ಏನೂ ಆಗಲಿಲ್ಲ, ಫೋಟೊದ ಗಾಜು ಒಡೆಯಿತು. ನಮ್ಮವರು ಫೋಟೊ ಕಿತ್ತುಕೊಟ್ಟರು, ಒಡೆದದ್ದನ್ನು ಇಡಬಾರದೆಂದು ಅತ್ತೆ ಗಳಗನಾಥಕ್ಕೆ ಹೋದಾಗ ಹೊಳೆಗೆ ಬಿಟ್ಟು ಬಂದರು. ಅಲ್ಲಿಗೆ ಆ ಮಾತು ಮುಗಿಯಿತು.

ರಜೆಯಿದ್ದಷ್ಟು ದಿನ ಮಗಳು ಬೆಳಿಗ್ಗೆ ಸಂಜೆ ಓಡಿಸಿದಳು, ಗಾಡಿ ಒಮ್ಮೆಯೂ ತಕರಾರು ಮಾಡಲಿಲ್ಲ. ಶಾಲೆ ತೆರೆದ ಮೇಲೆ ಭಾನುವಾರವಷ್ಟೇ ಓಡಿಸುವುದಾಯಿತು. ಮೊದಲ ಭಾನುವಾರವೇ ಗುಂಡಿ ಒತ್ತಿದರೆ ಹಲ್ಲಿ ಲೊಚಗುಟ್ಟಿದಂಥ ಒಂದು ಸದ್ದು ಬಂತು, ಮತ್ತೇನಿಲ್ಲ. ಚಾರ್ಜಿಗೆ ಹಾಕಿಸಿದೆವು. ಮುಂದಿನ ಭಾನುವಾರ ಮತ್ತೆ ಅದೇ. ನಮ್ಮವರು ಹೊಸ ಬ್ಯಾಟರಿ ತಂದು, ಹಳೆಯದರಲ್ಲಿ ವೈರುಗಳು ಹೇಗಿದ್ದವೋ ಹಾಗೆಯೇ ಬಿಗಿದರು. ಅದೂ ಬುಧವಾರದ ಹೊತ್ತಿಗೆ ಸತ್ತಿತು.

“ಮಮ್ಮಿ, ನಾ ಸಾಲಿಗೆ ಹೋದಾಗ ಯಾರೋ ಓಡಸ್ತಾರ” ಎಂದಳು ಮಗಳು. ಅವಳು ಸುಮ್ಮನೆ ಅಂದದ್ದು. ಆದರೆ ಅತ್ತೆ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟು ನನ್ನ ಕಡೆ ನೋಡಿದರು. ಅವಳು ಶಾಲೆಗೆ ಹೋದಾಗ ಹಿತ್ತಲಲ್ಲಿ ಇರುವವರು ಒಬ್ಬರೇ.

ನಮ್ಮವರಿಗೆ ಪುರುಸೊತ್ತಿರಲಿಲ್ಲ. ಆ ಬ್ಯಾಟರಿಯನ್ನೂ ಚಾರ್ಜ್ ಮಾಡಿಸಿ, ಗಾಡಿಯನ್ನು ಲಗೇಜು ಆಟೋದಲ್ಲಿ ಹೇರಿಸಿ, ಚಾಲಕನ ಪಕ್ಕದಲ್ಲಿ ನಾನೇ ಕೂತು ರಾಣೆಬೆನ್ನೂರಿಗೆ ಹೋದೆ. ಅಲ್ಲಿ ನಮ್ಮ ಲಾರಿಗಳ ವೈರಿಂಗ್ ನೋಡುವ ಮಿಸ್ತ್ರಿ ಇದ್ದಾರೆ. ನರೆತ ಗಡ್ಡ, ಕನ್ನಡಕಕ್ಕೆ ಕಟ್ಟಿದ ಕಪ್ಪು ಲಾಡಿ. ಕೊತ್ತಂಬರಿ ತರಬೇಕೋ ಬೇಡವೋ ಎಂದು ಫೋನಿನಲ್ಲಿ ಮನೆಯವರೊಡನೆ ಉರ್ದುವಿನಲ್ಲಿ ಮಾತಾಡುತ್ತಲೇ ಬ್ಯಾಟರಿ ಹೊರಗೆ ತೆಗೆದು ಪರೀಕ್ಷಿಸಿದರು, ಮತ್ತೆ ಕೂರಿಸಿ ಗಾಡಿ ಚಾಲೂ ಮಾಡಿ ಮೀಟರ್ ಹಿಡಿದರು, ಎಕ್ಸಿಲರೇಟರ್ ತಿರುವಿದರು. ಕೊತ್ತಂಬರಿಯ ವಿಷಯ ಇತ್ಯರ್ಥವಾದ ಮೇಲೆ ನನ್ನ ಕಡೆ ತಿರುಗಿದರು.

“ಬ್ಯಾಟರಿ ಛಲೋ ಐತ್ರಿ ಅಕ್ಕಾರ. ಚಾರ್ಜಿಂಗೂ ಬರೋಬ್ಬರಿ ಐತಿ.”

“ಹಂಗಾರ ಯಾಕ್ರಿ ಸಾಯ್ತೈತಿ?”

“ಗಾಡೀದು ಏನೂ ತಪ್ಪಿಲ್ರಿ. ಯಾರೋ ಚಾವಿ ತಿರುವಿ ಹಂಗ ಬಿಡಾಕತ್ತಾರ. ಮನಿಯಾಗ ಎಷ್ಟ ಮಂದಿ ಅದೀರಿ?”

“ನಾಕು ಮಂದಿ.”

“ಮತ್ತ?”

“ಕೆಲಸಕ್ಕ ಒಬ್ಬಾಕಿ ಬರ್ತಾಳ್ರಿ.”

ಅವರು ಬನಿಯನ್ ಚಿಂದಿಯಲ್ಲಿ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡು “ನೋಡ್ರಿ ಮತ್ತ” ಎಂದರಷ್ಟೇ. ಆ ಎರಡು ಮಾತನ್ನು ಹೆದ್ದಾರಿಯ ಉದ್ದಕ್ಕೂ ಮಡಿಲಲ್ಲಿಟ್ಟುಕೊಂಡು ಹಾವೇರಿಗೆ ಬಂದೆ.

ಮರುದಿನದಿಂದ ನನ್ನ ಕಣ್ಣಿಗೆ ಬಿದ್ದದ್ದೆಲ್ಲ ಸಾಕ್ಷಿಯಾಗತೊಡಗಿತು. ಹಿತ್ತಲ ಛಪ್ಪರದ ಕೆಳಗೆ ನಿಲ್ಲುವ ಗಾಡಿಯ ಸೀಟಿನ ಮೇಲೆ ಧೂಳಿರಲಿಲ್ಲ, ಪಕ್ಕದಲ್ಲೇ ಇದ್ದ ಹಳೆಯ ಸೈಕಲ್ಲಿನ ಮೇಲೆ ಬೆರಳಿನಲ್ಲಿ ಹೆಸರು ಬರೆಯುವಷ್ಟಿತ್ತು. ಹ್ಯಾಂಡಲಿನ ರಬ್ಬರಿಗೆ ಬಟ್ಟೆ ಸಾಬೂನಿನ ವಾಸನೆ. ಮಗಳು ಓಡಿಸುವಾಗ ಕಾಕೂ ಒಗೆಯುವುದು ಬಿಟ್ಟು, ಸೊಂಟಕ್ಕೆ ಒದ್ದೆ ಕೈ ಕೊಟ್ಟು, ಗಾಡಿ ಮರ ಸುತ್ತಿ ಬರುವವರೆಗೆ ನೋಡುತ್ತ ನಿಲ್ಲುತ್ತಿದ್ದಳು. ಒಮ್ಮೆ ನಗುತ್ತ, “ಬೇಬಿ, ನನ್ನೂ ಒಂದ ಸುತ್ತ ಒಯ್ಯ, ಮೊಣಕಾಲಿಗೆ ಪುಣ್ಯಾ ಬರತೈತಿ” ಎಂದಿದ್ದಳು. ಆಗ ನಾವೆಲ್ಲ ನಕ್ಕಿದ್ದೆವು. ಈಗ ಅದೇ ಮಾತನ್ನು ನಾನು ತಿರುವಿ ತಿರುವಿ ನೋಡಿದೆ.

ಇನ್ನೊಂದಿತ್ತು. ಗಾಡಿಯ ಜೊತೆ ಬ್ಯಾಡಗಿಯಿಂದ ಎರಡು ಚಾವಿ ಬಂದಿದ್ದವು. ಒಂದು ಅಡುಗೆಮನೆಯ ಮೊಳೆಗೆ ತೂಗುತ್ತಿತ್ತು. ಎರಡನೆಯದು ಎಲ್ಲಿದೆ ಎಂದು ಕೇಳಿದರೆ ನಮ್ಮವರು “ನಿನ್ನ ಕಡೆ ಇಲ್ಲನ?” ಎಂದರು. ನಾನು “ನಿಮ್ಮ ಕಡೆ ಇಲ್ಲನ್ರಿ?” ಎಂದೆ.

ಅತ್ತೆಗೆ ಅಷ್ಟು ಸಾಕಾಯಿತು. “ಕೀಲಿ ಕೊಟ್ಟ ಮ್ಯಾಲ ಮನಿ ಅರ್ಧಾ ಆಕೀದು ಅಂತ ಅವತ್ತ ಹೇಳಿದ್ದೆ. ನೀ ಕೇಳಲಿಲ್ಲ. ಆ ಗೇಟಿನ ಕೀಲಿ ಇಸಗೊಂಡಬಿಡು.”

“ಸುಮ್ಮನ ಹೆಂಗ ಕೇಳೂದ್ರಿ ಅತ್ತಿ? ಖಾತ್ರಿ ಆಗಲಿ.”

ನ್ಯಾಯವಂತೆಯ ಮಾತಿನಂತೆ ಅದು ನನ್ನ ಕಿವಿಗೇ ಕೇಳಿಸಿತು. ಖಾತ್ರಿ ಮಾಡಿಕೊಳ್ಳಲು ನಾನು ಮಾಡಿದ್ದು ಇಷ್ಟು. ಬ್ಯಾಟರಿಗೆ ಪೂರ್ತಿ ಚಾರ್ಜ್ ಹಾಕಿಸಿದೆ. ಮೊಳೆಯ ಮೇಲಿನ ಚಾವಿಯನ್ನು ನನ್ನ ಕಪಾಟಿನಲ್ಲಿ, ಸೀರೆಗಳ ನಡುವೆ ಇಟ್ಟೆ. ಆಮೇಲೆ ಹೊಲಿಗೆ ಡಬ್ಬಿಯಿಂದ ಬಿಳಿ ದಾರ ತೆಗೆದು, ಹ್ಯಾಂಡಲಿನ ಒಂದು ಕೊನೆಯಿಂದ ಸೀಟಿನ ಹಿಂದಿನ ಕಂಬಿಯವರೆಗೆ ಎಳೆದು ಕಟ್ಟಿದೆ. ಯಾರಾದರೂ ಸೀಟಿನ ಮೇಲೆ ಕೂತರೆ ದಾರ ಹರಿಯಲೇಬೇಕು. ಗಂಟು ಮಾತ್ರ ನಾನು ಕಾನ್ವೆಂಟಿನಲ್ಲಿ ಕಲಿತದ್ದು. ಹೊಲಿಗೆಯ ಪೀರಿಯಡ್ಡಿನಲ್ಲಿ ಸಿಸ್ಟರ್ ನಮಗೆ ಬಲದ ಮೇಲೆ ಎಡ, ಎಡದ ಮೇಲೆ ಬಲ ಎಂದು ಹೇಳಿಸುತ್ತ ಹಾಕಿಸುತ್ತಿದ್ದ ಚಪ್ಪಟೆ ಗಂಟು. ಅದು ಇಸ್ತ್ರಿ ಮಾಡಿದಂತೆ ಮಲಗುತ್ತದೆ.

ಮೂರನೆಯ ದಿನ ನೋಡಿದೆ. ದಾರ ಹರಿದಿರಲಿಲ್ಲ. ಕಟ್ಟಿದಲ್ಲೇ ಇತ್ತು, ಅಷ್ಟೇ ಬಿಗಿಯಾಗಿತ್ತು. ಒಂದು ಕ್ಷಣ ಹಗುರವಾಯಿತು. ಬಗ್ಗಿ ನೋಡಿದೆ. ಗಂಟು ನನ್ನದಲ್ಲ. ಒಂದು ಕುಣಿಕೆಯೊಳಗೆ ಇನ್ನೊಂದನ್ನು ತಿರುವಿ ಜಗ್ಗಿದ ಗಂಟು, ಹೂವಿನ ಮಾಲೆಗೆ ಹಾಕುವಂಥದು. ನಮ್ಮ ಮನೆಯಲ್ಲಿ ಮಲ್ಲಿಗೆ ಕಟ್ಟಲು ಬರುವುದು ಒಬ್ಬಳಿಗೇ. ಅತ್ತೆಯ ಬೆರಳು ಸೊಟ್ಟಗಾಗಿ ಎಷ್ಟೋ ವರ್ಷವಾಯಿತು, ನನಗೆ ಯಾರೂ ಕಲಿಸಲಿಲ್ಲ.

ಚಾವಿ ತಂದು ಹಾಕಿ ಗುಂಡಿ ಒತ್ತಿದೆ. ಹಲ್ಲಿ ಲೊಚಗುಟ್ಟಿತು.

ಎಲ್ಲವೂ ಒಂದಕ್ಕೊಂದು ಹೊಂದಿಕೊಂಡಿತು. ಎರಡನೆಯ ಚಾವಿ ಅವಳ ಕಡೆ ಇದೆ. ದಾರ ಕಂಡಿದ್ದಾಳೆ, ಜಾಣತನದಿಂದ ಬಿಚ್ಚಿದ್ದಾಳೆ, ಕೆಲಸ ಮುಗಿದ ಮೇಲೆ ಮತ್ತೆ ಕಟ್ಟಿದ್ದಾಳೆ. ಬಿಚ್ಚಿ ಕಟ್ಟಿದ್ದೇ ನನಗೆ ಹೆಚ್ಚು ಚುಚ್ಚಿತು. ಹರಿದು ಬಿಟ್ಟಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ ಎಂದುಕೊಂಡೆ.

ಸೋಮವಾರ ಅವಳು ಬಟ್ಟೆ ಹಿಂಡುತ್ತಿದ್ದಾಗ ಹಿತ್ತಲಿಗೆ ಹೋದೆ.

“ಕಾಕೂ, ಆ ಗೇಟಿನ ಕೀಲಿ ಕೊಡು. ಬೀಗಾ ಬದಲಿ ಮಾಡಬೇಕಾಗೈತಿ.”

ಅವಳು ಸೀರೆಯೊಂದನ್ನು ಕೊನೆಯವರೆಗೂ ಹಿಂಡಿ, ಜಾಡಿಸಿ, ತಂತಿಯ ಮೇಲೆ ಹಾಕಿದಳು. ಆಮೇಲೆ ಸೆರಗು ಎಳೆದುಕೊಂಡು ಗಂಟಿಗೆ ಕೈ ಹಾಕಿದಳು. ಎಷ್ಟು ಸೀರೆ ಬದಲಾಗಿದ್ದವೋ, ಗಂಟು ಮಾತ್ರ ಯಾವಾಗಲೂ ಹಾಗೇ ಬಿಗಿ. ಉಗುರಿಗೆ ಬರಲಿಲ್ಲ, ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ನಾನು ಅಲ್ಲೇ ನಿಂತಿದ್ದೆ. ಕೀಲಿಯನ್ನು ಅವಳು ನನ್ನ ಕೈಗೆ ಕೊಡಲಿಲ್ಲ, ಒಗೆಯುವ ಕಲ್ಲಿನ ಮೇಲೆ ಇಟ್ಟಳು.

“ಬೀಗಾ ಬದಲಿ ಮಾಡಾಕ ಹಳೇ ಕೀಲಿ ಯಾಕ ಬೇಕ್ರಿ ಅಕ್ಕಾರ?”

ನಾನು ಕೀಲಿ ಎತ್ತಿಕೊಂಡೆ. ಅವಳು ಉತ್ತರಕ್ಕೆ ಕಾಯಲಿಲ್ಲ. ಮುಂದಿನ ಸೀರೆ ಎತ್ತಿಕೊಂಡಳು.

ಮರುದಿನ ಮುಂದಿನ ಬಾಗಿಲ ಗಂಟೆ ಸದ್ದಾಯಿತು. ತೆರೆದರೆ ಕಾಕೂ, ಒಂದು ಕೈ ಕಟ್ಟೆಯ ಮೇಲೆ ಊರಿ ಉಸಿರು ತೆಗೆದುಕೊಳ್ಳುತ್ತಿದ್ದಳು. ಮೂರು ದಿನ ಹಾಗೆ ಬಂದಳು. ಮಾತು ಕಡಿಮೆಯಾಯಿತು. ಮಗಳಿಗೆಂದು ಮಡಿಲಲ್ಲಿ ತರುತ್ತಿದ್ದ ಹಸಿ ಕಡಲೆ, ಬಾರಿಹಣ್ಣು ಯಾವುದೂ ಬರಲಿಲ್ಲ. ನಾಲ್ಕನೆಯ ದಿನ, ಹೊಸರಿತ್ತಿಯಲ್ಲಿ ಅಕ್ಕನ ಮಗಳ ಮದುವೆ, ನಾಲ್ಕು ದಿನ ಬರುವುದಿಲ್ಲ ಎಂದಳು. ಅವಳು ತಿರುಗಿ ಬರುತ್ತಾಳೋ ಇಲ್ಲವೋ ಎಂದು ನನಗೆ ಆಗಲೇ ಅನುಮಾನವಿತ್ತು. ಬಂದರೆ ಇನ್ನು ಮೇಲೆ ಅವಳು ಈ ಮನೆಗೆ ಏನು ಎಂಬುದೂ ತಿಳಿಯದಾಗಿತ್ತು.

ಅತ್ತೆ ಮಾತ್ರ, “ಈಗ ನೋಡಬೇಕು ಬ್ಯಾಟರಿ ಹೆಂಗ ಸಾಯ್ತೈತಿ” ಎಂದರು.

ನಾನೂ ಅದನ್ನೇ ನೋಡಬೇಕೆಂದಿದ್ದೆ. ಬ್ಯಾಟರಿಗೆ ಮತ್ತೆ ಚಾರ್ಜ್ ಹಾಕಿಸಿದೆ. ದಾರ ಹೊಸದಾಗಿ ಕಟ್ಟಿದೆ, ಬಲದ ಮೇಲೆ ಎಡ, ಎಡದ ಮೇಲೆ ಬಲ. ಗೇಟಿಗೆ ಬೀಗ, ಕೀಲಿ ನನ್ನಲ್ಲಿ. ಚಾವಿ ಸೀರೆಗಳ ನಡುವೆ. ಈ ಭಾನುವಾರ ಗಾಡಿ ಇಲ್ಲವೆಂದು ಮಗಳಿಗೂ ಹೇಳಿದೆ. ಮೂರನೆಯ ದಿನ ಮಗಳು ಶಾಲೆಗೆ ಹೋದ ಮೇಲೆ ಛಪ್ಪರಕ್ಕೆ ಹೋದೆ. ದಾರದ ಮೇಲೆ ಸಣ್ಣ ಧೂಳು ಕೂತಿತ್ತು. ಗಂಟು ನನ್ನದೇ, ಚಪ್ಪಟೆಯಾಗಿ ಮಲಗಿತ್ತು. ಚಾವಿ ಹಾಕಿ ಗುಂಡಿ ಒತ್ತಿದೆ. ಈ ಸಲ ಹಲ್ಲಿಯೂ ಲೊಚಗುಟ್ಟಲಿಲ್ಲ.

ಸಂಶಯ ಆಗಲಾದರೂ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಕಾಕೂನಿಂದ ಎದ್ದು ಅದು ಬೇರೆ ಜಾಗ ಹುಡುಕಿತು. ಆ ಬೆಳಗಿನ ಒಂದು ತಾಸು ನಾನು ಅತ್ತೆಯ ಕೈಗಳನ್ನು ನೋಡಿದೆ, ನಮ್ಮವರ ಅಂಗಿಯ ಜೇಬು ತಡಕಿದೆ, ಮಗಳ ಹಳೆಯ ಕಂಪಾಸ್ ಡಬ್ಬಿ ತೆರೆದೆ. ಡಬ್ಬಿಯಲ್ಲಿ ಮುರಿದ ಪೆನ್ಸಿಲ್ ಮೊನೆಗಳಿದ್ದವು. ಅದನ್ನು ಮುಚ್ಚುವಾಗ ನಾಚಿಕೆಯಾಯಿತು. ರಾಣೆಬೆನ್ನೂರಿನ ಮಿಸ್ತ್ರಿಗೆ ಫೋನು ಮಾಡಿದೆ.

ನಡೆದದ್ದನ್ನೆಲ್ಲ ಹೇಳಿದೆ. “ಚಾವಿ ನಿಮ್ಮ ಕಡೇನ ಇತ್ತು? ಖರೇ? ಹಂಗಾರ ಕರೆಂಟ್ ಎಲ್ಲೋ ಸೋರಾಕತ್ತೈತ್ರಿ ಅಕ್ಕಾರ. ಗಾಡಿ ಕಳಸ್ರಿ ನೋಡೂಣು.”

“ಇಲ್ಲೇ ನೋಡಾಕ ಬರಂಗಿಲ್ಲೇನ್ರಿ? ನಾನ ನೋಡತೇನಿ. ನೀವ ಹೇಳ್ರಿ.”

“ನೀವು?” ಎಂದರು. ಆಮೇಲೆ, “ಆತು. ಒಂದ ಮೀಟರ್ ತರ್ರಿ. ಬ್ಯಾಟರಿ ಚಾರ್ಜ್ ಮಾಡಿಸಿ ಕೂಡಿಸ್ರಿ. ಎಲ್ಲಾ ತಯಾರಾದ ಮ್ಯಾಲ ಫೋನ್ ಮಾಡ್ರಿ.”

ಬಜಾರಿನ ಎಲೆಕ್ಟ್ರಿಕ್ ಅಂಗಡಿಯಿಂದ ಹಳದಿ ಬಣ್ಣದ ಮೀಟರ್ ತಂದೆ. ಮರುದಿನ ಬೆಳಿಗ್ಗೆ, ಫೋನನ್ನು ಸೀಟಿನ ಮೇಲೆ ಇಟ್ಟು, ಹತ್ತು ನಂಬರಿನ ಪಾನಾದಿಂದ ಬ್ಯಾಟರಿಯ ಕಪ್ಪು ವೈರು ಬಿಚ್ಚಿದೆ. ನಮ್ಮವರು ಅಂಗಡಿಗೆ ಹೊರಟವರು ನಿಂತು ನೋಡಿ, “ಶಾಕ್ ಹೊಡಸಗೊಂಡೀ” ಎಂದು ಚಪ್ಪಲಿ ಮೆಟ್ಟಿಕೊಂಡೇ ಅಲ್ಲಿ ಉಳಿದರು.

ಮಿಸ್ತ್ರಿ ಫೋನಿನಿಂದ ಹೇಳುತ್ತಿದ್ದರು. “ಮೀಟರಿನ ಕೆಂಪು ವೈರ್ ಹತ್ತು ಆಂಪಿಯರ್ ಅಂತ ಬರದಿದ್ದ ತೂತಿಗೆ ಹಾಕ್ರಿ. ಒಂದ ಸೂಜಿ ನೀವು ಬಿಚ್ಚಿದ ವೈರಿಗೆ, ಒಂದ ಸೂಜಿ ಬ್ಯಾಟರೀದು ಮೈನಸ್ಸಿಗೆ. ಮೀಟರ್ ನಡುವ ಇರಬೇಕು. ಪ್ಲಸ್ಸಿಗೊಂದು ಮೈನಸ್ಸಿಗೊಂದು ಹಿಡದ್ರ ಮೀಟರ್ ಸುಡತೈತಿ ಮತ್ತ.”

ಇದು ನನಗೆ ಗೊತ್ತಿತ್ತು. ಗೊತ್ತಿದೆ ಎಂಬುದು ಮರೆತುಹೋಗಿತ್ತು. ಒಂಬತ್ತನೆಯ ಕ್ಲಾಸಿನಲ್ಲಿ ಫಿಸಿಕ್ಸ್ ಸಿಸ್ಟರ್ ಆಮ್ಮೀಟರ್ ಹಿಡಿದು ಹೇಳುತ್ತಿದ್ದರು: ಇದು ಪ್ರಾರ್ಥನೆಗೆ ನಿಂತ ಹುಡುಗಿಯರ ಸಾಲಿನ ನಡುವೆಯೇ ನಿಲ್ಲಬೇಕು, ಪಕ್ಕದಲ್ಲಿ ನಿಂತು ಎಣಿಸಲು ಬರುವುದಿಲ್ಲ. ಮದುವೆಯಾಗಿ ಹದಿನೈದು ವರ್ಷದಲ್ಲಿ ಆ ಮಾತು ಯಾವ ಕೆಲಸಕ್ಕೂ ಬಂದಿರಲಿಲ್ಲ.

ಗಾಡಿಯ ಚಾವಿ ನನ್ನ ಮಡಿಲಲ್ಲಿತ್ತು. ದೀಪವಿಲ್ಲ, ಸದ್ದಿಲ್ಲ. ಮೀಟರಿನಲ್ಲಿ ಸೊನ್ನೆ ಬರಬೇಕಾಗಿತ್ತು.

“ಸೊನ್ನೆ ಪಾಯಿಂಟ್ ಸೊನ್ನೆ ಒಂಬತ್ತು ಅಂತ ತೋರಸಾಕತ್ತೈತ್ರಿ.”

“ಅಲ್ಲೇ ಐತ್ರಿ ಕಳ್ಳ. ಅಷ್ಟ ಸಣ್ಣ ಬ್ಯಾಟರಿಗೆ ಎರಡ ದಿನಕ್ಕ ಅಷ್ಟ ಸಾಕು. ಈಗ ಫ್ಯೂಜ್ ಕೀಳ್ರಿ. ಆಗ ಸೊನ್ನೆ ಆಕ್ಕೈತಿ.”

ಫ್ಯೂಜು ಕಿತ್ತೆ. ಮೀಟರು ಕದಲಲಿಲ್ಲ. ಮತ್ತೆ ಸೂಜಿ ಒತ್ತಿ ಹಿಡಿದು ನೋಡಿದೆ. ಸೊನ್ನೆ ಒಂಬತ್ತೇ.

“ಫ್ಯೂಜ್ ತಗದ್ರೂ ಹೋಗಲಿಲ್ಲ? ಅಂದ್ರ ಗಾಡೀ ವೈರಿಂಗಿನ್ಯಾಗ ಇಲ್ರಿ ಅದು. ಯಾರೋ ಫ್ಯೂಜಿಗಿಂತ ಮೊದಲ ಬ್ಯಾಟರಿಗೆ ನೇರ ವೈರ್ ಕೊಟ್ಟಾರ. ಪ್ಲಸ್ಸಿನ ಟೊಪಿಗಿ ಸರಸ್ರಿ. ನಟ್ಟಿನ ಕೆಳಗ ಎಷ್ಟ ವೈರ್ ಅದಾವು?”

ರಬ್ಬರ್ ಟೋಪಿ ಸರಿಸಿದೆ. ದಪ್ಪನೆಯ ಕೆಂಪು ವೈರು. ಅದರ ಅಡಿಯಲ್ಲಿ, ಗ್ರೀಸಿನಲ್ಲಿ ಕಪ್ಪಾಗಿ, ಹುರಿದಾರದಷ್ಟು ತೆಳ್ಳಗಿನ ಹಳದಿ ವೈರು.

“ಎರಡ ಅದಾವ್ರಿ.”

ಆ ಕಡೆಯಿಂದ ದೊಡ್ಡದೊಂದು ಉಸಿರು ಕೇಳಿಸಿತು. “ಯಾ ಅಲ್ಲಾ. ಅವತ್ತ ಬ್ಯಾಟರಿ ನೋಡಿದೆ, ಚಾರ್ಜಿಂಗ್ ನೋಡಿದೆ. ಇದನ್ನ ನಾನ ನೋಡಬೇಕಾಗಿತ್ತು.”

“ಅವತ್ತ ನೀವು ಮನಿಯಾಗ ಎಷ್ಟ ಮಂದಿ ಅಂತ ಕೇಳಿದ್ರಿ” ಎಂದೆ.

ಕೇಳಿದವರು ಅವರಾದರೂ, ಉತ್ತರ ಕೊಟ್ಟು ಬಂದವಳು ನಾನು.

ಹಳದಿ ವೈರನ್ನು ಬೆರಳಿನಲ್ಲಿ ಹಿಡಿದುಕೊಂಡು ಹೋದೆ. ಅದು ಚೌಕಟ್ಟಿನ ಪಕ್ಕದಲ್ಲಿ ಹಾದು, ಮೂತಿಯ ಕೆಂಪು ಪ್ಲಾಸ್ಟಿಕ್ಕಿನ ಒಳಗೆ ಹೋಗಿತ್ತು. ಕಾಣಿಸಲಿಲ್ಲ. ಕೈ ಒಳಗೆ ತೂರಿಸಿದೆ, ಘಾಟಿಗೆ ಎರಡು ಸಲ ಸೀನಿದೆ. ಕಡ್ಡಿಪೆಟ್ಟಿಗೆಯಷ್ಟು ದೊಡ್ಡದೊಂದು ಡಬ್ಬಿ ಸಿಕ್ಕಿತು. ಮಕ್ಕಳ ಹಣೆ ಮುಟ್ಟಿ ನೋಡುವಂತೆ ಕೈಯ ಹಿಂಬದಿಯಿಂದ ಮುಟ್ಟಿದೆ. ಕಾರ್ತಿಕದ ಬೆಳಗಿನ ಚಳಿಯಲ್ಲಿ ಗಾಡಿಯ ಮೈಯೆಲ್ಲ ತಣ್ಣಗಿತ್ತು. ಆ ಡಬ್ಬಿ ಮಾತ್ರ ಬೆಚ್ಚಗಿತ್ತು. ಅದರ ಇನ್ನೊಂದು ತುದಿಯಲ್ಲಿ ಎರಡು ಸಣ್ಣ ವೈರು, ಕತ್ತರಿಸಿ ಕಪ್ಪು ಟೇಪು ಸುತ್ತಿದಂಥವು.

ನಮ್ಮವರು ಬಗ್ಗಿ ನೋಡಿ, “ಇವನ್ನ ನಾನ ಕತ್ತರಸಿದ್ದು. ದೇವರ ಫೋಟೊ ಕೀಳೂ ಮುಂದ” ಎಂದರು.

ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದಿದ್ದರು. “ಅದು ದೇವರ ದೀಪದ್ದು. ನಾನ ಹೇಳಿ ಮಾಡಿಸಿದ್ದು. ಬ್ಯಾಡಗಿಯೊಳಗ ಟ್ರ್ಯಾಕ್ಟರಿಗೆ ದೀಪಾ ಹಚ್ಚಾಕ ಬಂದಿದ್ನಲ್ಲ, ಅವಗ ಹೇಳಿದೆ, ಇದಕ್ಕೂ ಹಂಗ ಮಾಡು, ಚಾವಿ ತಗದ್ರೂ ದೇವರ ಮುಂದಿನ ದೀಪ ಆರಬಾರದು ಅಂತ.”

ನಮ್ಮ ದೇವರ ಮನೆಯಲ್ಲಿ ನಂದಾದೀಪವಿದೆ. ನಾನು ಈ ಮನೆಗೆ ಬಂದಾಗಿನಿಂದ ಅದು ಆರಿದ್ದನ್ನು ಕಂಡಿಲ್ಲ. ಅತ್ತೆ ಊರಿಗೆ ಹೋಗುವಾಗ ಮೊದಲು ಹೇಳುವ ಮಾತು ಎಣ್ಣೆಯದು.

“ಅವ್ವಾ, ಟ್ರ್ಯಾಕ್ಟರಿನ ಬ್ಯಾಟರಿ ಎತ್ತಾಕ ಇಬ್ಬರು ಬೇಕು. ಇದು ಊಟದ ಡಬ್ಬಿಯಷ್ಟ ಐತಿ” ಎಂದರು ನಮ್ಮವರು.

“ಮರಿ ಟ್ರ್ಯಾ­ಕ್ಟರ್ ಅಂತ ನೀನೂ ಅಂದಿ, ನಾನೂ ಅಂದೆ” ಎಂದರು ಅತ್ತೆ. ಸ್ವಲ್ಪ ತಡೆದು, “ದೇವರು ಹೊಳಿಗೆ ಹೋಗಿ ತಿಂಗಳಾತು. ದೀಪಾ ಇನ್ನೂ ಇಲ್ಲೇ ಉರ್ಯಾಕತ್ತೈತೇನು?” ಎಂದು ಯಾರನ್ನೂ ನೋಡದೆ ಕೇಳಿದರು.

ದೀಪ ಉರಿಯುತ್ತಿರಲಿಲ್ಲ, ಅದನ್ನು ಮಿಣುಕಿಸುವ ಡಬ್ಬಿ ಕರೆಂಟು ಕುಡಿದು ಸುಮ್ಮನೆ ಬಿಸಿಯಾಗುತ್ತಿತ್ತು. ಹಳದಿ ವೈರು ಬಿಚ್ಚಿ ತೆಗೆದೆ. ಮೀಟರಿನಲ್ಲಿ ಸೊನ್ನೆ ಬಂತು. ರಜೆಯಲ್ಲಿ ದಿನಾ ಓಡಿಸುತ್ತಿದ್ದಾಗ ಸೋರಿದ್ದು ಮತ್ತೆ ತುಂಬುತ್ತಿತ್ತು, ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ ಎಂದರು ಮಿಸ್ತ್ರಿ. ಶಾಲೆ ತೆರೆದದ್ದಕ್ಕೂ ಕಾಕೂಗೂ ಏನೂ ಸಂಬಂಧವಿರಲಿಲ್ಲ.

ಆದರೆ ಗಂಟು ಉಳಿದಿತ್ತು. ಹೂವಿನ ಗಂಟು. ಬ್ಯಾಟರಿ ಬಿಡುಗಡೆಯಾದರೂ ಅದೊಂದು ನನ್ನನ್ನು ಬಿಡಲಿಲ್ಲ. ಅವಳು ಗಾಡಿಗೆ ಏನೂ ಮಾಡಿರಲಿಲ್ಲ ಎಂದಾದರೆ ದಾರ ಬಿಚ್ಚಿದ್ದು ಯಾಕೆ?

ಕಾಕೂ ಐದನೆಯ ದಿನ ಬಂದಳು, ಮುಂದಿನ ಬಾಗಿಲಿಂದ. ಮದುವೆಯ ಬುಂದಿಲಾಡು ಕಾಗದದಲ್ಲಿ ಕಟ್ಟಿ ತಂದಿದ್ದಳು, ಮಗಳಿಗೆ. ನಾನು ಅವಳನ್ನು ಛಪ್ಪರಕ್ಕೆ ಕರೆದುಕೊಂಡು ಹೋದೆ. ದಾರ ಇನ್ನೂ ಒಂದು ಕಡೆ ತೂಗುತ್ತಿತ್ತು.

“ಕಾಕೂ, ಇದನ್ನ ನೀ ಬಿಚ್ಚಿದ್ದೇನು, ಮದುವಿಗೆ ಹೋಗೂಕಿಂತ ಮೊದಲ?”

“ಹೂಂ ರಿ. ದಿನಾ ಬಿಚ್ಚತಿದ್ದೆ” ಎಂದಳು, ಅಳುಕಿಲ್ಲದೆ. “ಬೇಬಿ ಮರಕ್ಕ ಗುದ್ದಿದ್ಲಲ್ರಿ, ಅಮ್ಮಾರು ಮಂತ್ರಿಸಿ ದೃಷ್ಟಿ ದಾರಾ ಕಟ್ಟ್ಯಾರ ಅನ್ಕೊಂಡೆ. ಗಾಡಿ ಒರಸಾಗ ಹರದು ಗಿರದೀತು ಅಂತ ಬಿಚ್ಚಿ, ಒರಸಿ, ಕೈ ತೊಳಕೊಂಡು ಮತ್ತ ಕಟ್ಟತಿದ್ದೆ. ಯಾಕ್ರಿ, ನಾ ಮುಟ್ಟಬಾರದಾಗಿತ್ತೇನು?”

“ನಿನಗ ಗಾಡಿ ಒರಸು ಅಂತ ಯಾರು ಹೇಳಿದ್ರು?”

“ಯಾರ ಹೇಳಬೇಕ್ರಿ? ಬೇಬಿ ಸಾಲಿ ಅಂಗಿ ಮ್ಯಾಲ ಹಂಗ ಹತ್ತಿ ಕುಂದರ್ತಾಳ. ಆ ಧೂಳಾ ಮತ್ತ ನಾನ ಒಗೀಬೇಕಲ್ಲ.”

ಅವಳು ಮಾತು ಮುಗಿಸಿ ದಾರದ ತುದಿ ಹಿಡಿದು ನೋಡಿದಳು. ಅರಿಶಿನ ಇರಲಿಲ್ಲ, ಕುಂಕುಮ ಇರಲಿಲ್ಲ, ಬರೀ ಹೊಲಿಗೆ ದಾರ. ಸೀಟು ನೋಡಿದಳು, ದಾರ ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತೆಂದು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

“ಅದಕ್ಕ ಕೀಲಿ” ಎಂದಳು. ಕೇಳಲಿಲ್ಲ, ಹೇಳಿದಳು.

ನಾನು ತಪ್ಪಾಯಿತು ಎಂದೆ. ಬ್ಯಾಟರಿ, ಹಳದಿ ವೈರು, ದೇವರ ದೀಪ ಎಲ್ಲ ಹೇಳಿದೆ. ಹೇಳುತ್ತ ಹೋದಂತೆ ನನ್ನ ತಪ್ಪಿಗಿಂತ ವೈರಿನ ವಿವರವೇ ಉದ್ದವಾಯಿತು. ಕೀಲಿ ತಂದು ಮುಂದೆ ಹಿಡಿದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಇರಲಿ ಬಿಡ್ರಿ ಅಕ್ಕಾರ. ಮುಂದಿನ ಬಾಗಲದಾಗ ಬಂದ್ರ ನಾಕ ಮಂದಿ ಕಣ್ಣಾಗ ಬೀಳತೇನಿ. ಅದ ಛಲೋ.”

ಹನ್ನೆರಡು ದಿನ ಹಾಗೇ ಬಂದಳು. ದಿನಾ ಗಂಟೆ ಬಾರಿಸಿದಾಗ ನಾನು ಬಾಗಿಲು ತೆರೆಯುವುದು, ಅವಳು ಕಟ್ಟೆ ಹಿಡಿದು ಮೊಣಕಾಲು ಎತ್ತಿಡುವುದು. ಅತ್ತೆ ಒಮ್ಮೆ ಒಳಗಿನಿಂದ, “ಆಕಿಗೆ ಕೀಲಿ ಕೊಡಬಾರದೇನ, ಎಷ್ಟ ಸುತ್ತಸ್ತಿ?” ಎಂದು ನನ್ನನ್ನೇ ಗದರಿದರು. ಕೀಲಿ ವಾಪಸು ಕೇಳಿಸಿದ್ದು ತಾವೇ ಎಂಬುದು ಅವರಿಗೆ ನೆನಪಿರಲಿಲ್ಲವೋ, ನೆನಪಿದ್ದುದಕ್ಕೇ ಹಾಗೆ ಅಂದರೋ, ನಾನು ಈಗ ಅಂಥದನ್ನೆಲ್ಲ ಅಳೆಯಲು ಹೋಗುವುದಿಲ್ಲ. ಹದಿಮೂರನೆಯ ದಿನ ನಸುಕಿನಲ್ಲಿ ಎದ್ದು ಗೇಟಿನ ಬೀಗವನ್ನೇ ತೆಗೆದಿಟ್ಟೆ. ಗೇಟು ಅರ್ಧ ತೆರೆದು ಒಳಗೆ ಬಂದೆ.

ಬಸ್ಸು ನಿಂತು ಹೋದ ಸದ್ದು ಕೇಳಿಸಿತು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಹಿತ್ತಲಿಂದ ದನಿ.

“ಅಕ್ಕಾರ, ಗೇಟ್ ಹಿಂಗ ಬಿಟ್ಟೀರಲ್ಲ, ಹಂದಿ ಬಂದು ತೊಂಡಲಿ ಬಳ್ಳಿ ಕಿತ್ತಾವು. ಬೀಗಾ ಎಲ್ಲೈತಿ? ತರ್ರಿ ಇಲ್ಲೆ.”

ನಾನು ಬೀಗ, ಕೀಲಿ ಎರಡೂ ಒಯ್ದೆ. ನಿಜವಾಗಿಯೂ ಒಂದು ಹಂದಿ ಒಳಗೆ ಬಂದಿತ್ತು, ಅವಳು ಅದನ್ನು ಕಸಬರಿಗೆಯಿಂದ ಹೊರಗೆ ಅಟ್ಟಿದಳು. ಬೀಗ ಹಾಕಿ, ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡು, ಹಲ್ಲಿನಿಂದ ಗಂಟು ಬಿಗಿದಳು.

ಈಗ ಗಾಡಿ ಪ್ರತಿ ಭಾನುವಾರ ಮೊದಲ ಸಲಕ್ಕೇ ಚಾಲೂ ಆಗುತ್ತದೆ. ಎರಡನೆಯ ಚಾವಿ ಇವತ್ತಿಗೂ ಸಿಕ್ಕಿಲ್ಲ. ಕಾಕೂ ಹಿತ್ತಲಿಂದಲೇ ಬರುತ್ತಾಳೆ, ಮಗಳಿಗೆ ಹಸಿ ಕಡಲೆ ಮತ್ತೆ ಬರುತ್ತಿದೆ. ಒಂದು ಮಾತ್ರ ಮೊದಲಿನಂತಿಲ್ಲ. ದಿನಾ ಬೆಳಿಗ್ಗೆ ಚಿಂದಿ ಹಿಡಿದು ಛಪ್ಪರದ ಕೆಳಗೆ ನಿಂತಾಗ ಅವಳು ಒಳಗಿನ ಎಲ್ಲರಿಗೂ ಕೇಳುವಂತೆ ಒಂದು ಸಲ ಕೂಗುತ್ತಾಳೆ.

“ಗಾಡಿ ಒರಸಾಕತ್ತೇನ್ರೀ.”

ನಾನು ಒಲೆಯ ಮುಂದೆ ಇದ್ದರೂ, ಸ್ನಾನದ ಮನೆಯಲ್ಲಿದ್ದರೂ “ಹೂಂ, ಒರಸು” ಎನ್ನುತ್ತೇನೆ. ಎನ್ನುವವರೆಗೆ ಅವಳು ಗಾಡಿಗೆ ಕೈ ಹಚ್ಚುವುದಿಲ್ಲ.